ಮಹಾಮಾರಿಯ ದಿನಗಳಲ್ಲಿ ಸುದ್ದಿ

ಮುಂಬಯಿಯ ಆರ್ಥರ್ ರೋಡಿನ ಬಳಿ ಇರುವ ಕಸ್ತೂರಬಾ ಆಸ್ಪತ್ರೆಯನ್ನು ನಮ್ಮ ವಾಚಕರಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದಲಾದರೂ ಕಂಡಿರುತ್ತಾರೆ. ಅಂಟುರೋಗಗಳಿಗೆಂದೇ ಮೀಸಲಾದ ಆಸ್ಪತ್ರೆ ಅದು. 2020ರ ಮಾರ್ಚ್ ತಿಂಗಳಲ್ಲಿ ಈ ನಗರದ ಮೊದಮೊದಲ ಕೊರೋನಾ ರೋಗಿಗಳನ್ನು ಕರೆದೊಯ್ದುದು ಅಲ್ಲಿಗೇ. ಇದೇ ಆಸ್ಪತ್ರೆ ಹಿಂದೆ ಆರ್ಥರ್ ರೋಡ್ ಆಸ್ಪತ್ರೆ ಎಂದು ಪ್ರಸಿದ್ಧವಾಗಿತ್ತು. ಕುಪ್ರಸಿದ್ಧವಾಗಿತ್ತು ಎಂದರೆ ಹೆಚ್ಚು ಸರಿ. 1896ರ ಅಕ್ಟೋಬರ್ ಕೊನೆಯಲ್ಲಿ ಸುಮಾರು ಒಂದು ಸಾವಿರ ಗಿರಣಿ ಕಾಮಗಾರರು ಗುಂಪುಕಟ್ಟಿ ಬಂದು ಆ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. ಊರಿನಲ್ಲಿ ಪ್ಲೇಗು ಹಬ್ಬುತ್ತಿತ್ತು, ಜನ ಸಾಯುತ್ತಿದ್ದರು. ಆದರೂ ಆ ಗುಂಪು ಹೆದರಿದ್ದು ರೋಗಕ್ಕಲ್ಲ, ರೋಗ ವಾಸಿಮಾಡುವ ಮನೆಗೆ!

ಈ ವೈಪರೀತ್ಯ ಹೇಗಾಯಿತೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬಯಸುತ್ತೇವೆ. ಪ್ಲೇಗಿನ ಇತಿಹಾಸವನ್ನು ವೈದ್ಯರೂ ಇತಿಹಾಸಕಾರರೂ ವಿವರವಾಗಿ ಬರೆದಿದ್ದಾರೆ. ಆ ಕೆಲಸ ನಮ್ಮದಲ್ಲ. ರೋಗದ ಸುದ್ದಿ ಜನರನ್ನು ಹೇಗೆ ತಲುಪಿತು, ತಲುಪುವಷ್ಟರಲ್ಲಿ ಅದಕ್ಕೆ ಎಷ್ಟು ಕೈಕಾಲು ಮೂಡಿದ್ದವು, ಕೇಳಿದ ಮೇಲೆ ಜನ ಏನು ಮಾಡಿದರು ಎಂಬಷ್ಟೇ ನಮ್ಮ ವಿಷಯ. ಹೊಟ್ಟೆಪಾಡು ಒಂದೂರಿನಲ್ಲಿ, ತಂದೆತಾಯಿ ಇನ್ನೊಂದೂರಿನಲ್ಲಿ ಇರುವ ನಮ್ಮಂಥವರಿಗೆ ಇದು ಪರರ ಮನೆಯ ಮಾತಲ್ಲ.

ಮಾಂಡವಿ ಬಂದರಿಗೆ ಹೊಂದಿಕೊಂಡ ಪೇಟೆ. ಧಾನ್ಯದ ಗೋದಾಮುಗಳು, ಒತ್ತಿನಲ್ಲೇ ಇಕ್ಕಟ್ಟಾದ ಚಾಳುಗಳು. ಇಲಿಗಳಿಗೆ ಇದಕ್ಕಿಂತ ಸುಖದ ಊರು ಬೇಕೆ? 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಹಾವಳಿ ಮಾಡಿದ್ದ ಪ್ಲೇಗು 1896ರ ಸೆಪ್ಟೆಂಬರಿನಲ್ಲಿ ಅಲ್ಲಿ ಕಾಣಿಸಿಕೊಂಡಿತು. ಗುರುತು ಹಿಡಿದವರು ಡಾಕ್ಟರ್ ಅಕಾಸಿಯೊ ವಿಯೇಗಾಸ್ ಎಂಬ ಗೋವೆಯ ಮೂಲದ ವೈದ್ಯರು. ಅವರು ಮುನಿಸಿಪಾಲಿಟಿಯ ಸದಸ್ಯರೂ ಆಗಿದ್ದರು. ತೊಡೆಯ ಸಂದಿನಲ್ಲಿ ಗಂಟು, ಉರಿಯುವ ಜ್ವರ, ನಾಲ್ಕಾರು ದಿನಗಳಲ್ಲಿ ಸಾವು. ಇದು ಪ್ಲೇಗು ಎಂದು ಅವರು ಸಭೆಯಲ್ಲಿ ಸ್ಪಷ್ಟವಾಗಿ ಹೇಳಿದರು.

ಹೇಳಿದ್ದು ಅಧಿಕಾರಿಗಳಿಗೆ ರುಚಿಸಲಿಲ್ಲ. ಮೊದಲ ದಿನಗಳಲ್ಲಿ 'ಪ್ಲೇಗು' ಎಂಬ ಶಬ್ದವನ್ನು ಉಚ್ಚರಿಸಲಿಕ್ಕೇ ಅವರು ಹಿಂಜರಿದರು. ಏನೋ ಒಂದು ಸಂಶಯಾಸ್ಪದ ಜ್ವರ, ಗಂಟು ಬರುವ ಜ್ವರ ಎಂದು ಸುತ್ತು ಬಳಸಿ ಮಾತಾಡಿದರು. ಕಾರಣ ಗುಟ್ಟಿನದೇನಲ್ಲ. ಮುಂಬಯಿಯಲ್ಲಿ ಪ್ಲೇಗು ಎಂದು ಒಪ್ಪಿಕೊಂಡ ಮರುದಿನವೇ ಯುರೋಪಿನ ಬಂದರುಗಳು ಇಲ್ಲಿನ ಹಡಗುಗಳಿಗೆ ಬಾಗಿಲು ಹಾಕುವ ಭಯವಿತ್ತು. ಹತ್ತಿಯ ವ್ಯಾಪಾರ, ಧಾನ್ಯದ ವ್ಯಾಪಾರ ಕುಸಿಯುವ ಭಯವಿತ್ತು. ಆ ಭಯ ಸುಳ್ಳೂ ಆಗಲಿಲ್ಲ. 1897ರಲ್ಲಿ ವೆನಿಸ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಲನದ ಮುಖ್ಯ ಚಿಂತೆ ಮುಂಬಯಿಯ ಪ್ಲೇಗೇ ಆಗಿತ್ತು.

ಆದರೆ ಜನರಿಗೆ ಕಣ್ಣಿಲ್ಲವೆ? ಪಕ್ಕದ ಖೋಲಿಯಿಂದ ಎರಡು ದಿನಗಳಲ್ಲಿ ಮೂರು ಹೆಣ ಹೊರಟದ್ದನ್ನು ಕಂಡವನಿಗೆ 'ಗಾಬರಿಯ ಕಾರಣವಿಲ್ಲ' ಎಂಬ ಪ್ರಕಟನೆ ಯಾವ ಧೈರ್ಯ ಕೊಟ್ಟೀತು? ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮ್ಮಂಥವರಿಗೆ ಇದು ಸುಲಭವಾಗಿ ತಿಳಿಯುವ ಮಾತು. ತಿಜೋರಿಯಲ್ಲಿ ಹಣ ಭದ್ರವಾಗಿಯೇ ಇರಲಿ. ಗಲ್ಲದ ಮುಂದೆ ಸಾಲು ಬೆಳೆಯುತ್ತಿರುವಾಗ ಮ್ಯಾನೇಜರು ಬಾಗಿಲು ಅರ್ಧ ಮುಚ್ಚಿ 'ಎಲ್ಲವೂ ಸರಿಯಾಗಿದೆ' ಎಂದರೆ ಸಾಲು ಇಮ್ಮಡಿಯಾಗುತ್ತದೆ. ಆ ಗಳಿಗೆಯಲ್ಲಿ ಜನ ಮಾತನ್ನು ಕೇಳುವುದಿಲ್ಲ, ಅರ್ಧ ಮುಚ್ಚಿದ ಬಾಗಿಲನ್ನು ನೋಡುತ್ತಾರೆ. ಮುಂಬಯಿಯ ಸರಕಾರ ತನ್ನ ಮಾತಿನ ಮೌಲ್ಯವನ್ನು ಕಳೆದುಕೊಂಡದ್ದು ಆ ಮೊದಲ ಎರಡು ವಾರಗಳಲ್ಲಿಯೇ. ಆಮೇಲೆ ಅದು ನಿಜ ಹೇಳಿದರೂ ಯಾರೂ ನಂಬಲಿಲ್ಲ.

ಒಮ್ಮೆ ಒಪ್ಪಿಕೊಂಡ ಮೇಲೆ ಸರಕಾರ ಇನ್ನೊಂದು ತುದಿಗೆ ಹಾರಿತು. ಅಕ್ಟೋಬರ್ 6ರಂದು ಮುನಿಸಿಪಲ್ ಕಮಿಶನರ್ ಸ್ನೋ ಸಾಹೇಬರು ಹೊರಡಿಸಿದ ಹುಕುಮಿನಂತೆ ಅಧಿಕಾರಿಗಳು ಯಾವ ಮನೆಯನ್ನಾದರೂ ಹೊಗಬಹುದು, ರೋಗಿಯನ್ನು ಒತ್ತಾಯದಿಂದ ಆಸ್ಪತ್ರೆಗೆ ಒಯ್ಯಬಹುದು. ಅಂದಿನ ಜನರ ದೃಷ್ಟಿಯಲ್ಲಿ ಆಸ್ಪತ್ರೆ ಎಂದರೆ ಜಾತಿ, ಆಚಾರ, ಹೆಂಡಿರು ಮಕ್ಕಳು ಎಲ್ಲವನ್ನೂ ಬಿಟ್ಟು ಸಾಯುವ ಸ್ಥಳ. ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಏಕೆಂದರೆ ಒಯ್ಯುತ್ತಿದ್ದುದೇ ಕೊನೆಯ ಗಳಿಗೆಯಲ್ಲಿ. ಒಳಗೆ ಏನು ನಡೆಯುತ್ತದೆಂದು ಹೇಳುವವರು ಯಾರೂ ಇರಲಿಲ್ಲ. ಹೇಳುವವರಿಲ್ಲದ ಕಡೆ ಊಹೆ ಬಾಯಿಬಿಡುತ್ತದೆ.

ಆಗ ಹುಟ್ಟಿದ ಗುಲ್ಲುಗಳನ್ನು ಈಗ ಓದಿದರೆ ನಗು ಬರಬಹುದು. ಅದೇ ಅಕ್ಟೋಬರಿನಲ್ಲಿ ಯಾರೋ ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಡಾಂಬರು ಬಳಿದು ಅವಮಾನ ಮಾಡಿದ್ದರು. ಇದರಿಂದ ಕೆರಳಿದ ರಾಣಿ ಮುಂಬಯಿಯ ಜನರ ಪಿತ್ತಕೋಶಗಳನ್ನು ಕೇಳಿದ್ದಾಳೆ, ಆಸ್ಪತ್ರೆಯಲ್ಲಿ ಅದನ್ನೇ ಕೀಳುತ್ತಾರೆ ಎಂದು ಗುಲ್ಲಾಯಿತು. ರೋಗಿಗಳನ್ನು ತಲೆಕೆಳಗಾಗಿ ತೂಗುಹಾಕಿ ಎಣ್ಣೆ ಇಳಿಸುತ್ತಾರೆ, ಅದರಿಂದ 'ಮೊಮಿಯಾಯಿ' ಎಂಬ ಔಷಧ ಮಾಡುತ್ತಾರೆ ಎಂದು ಇನ್ನೊಂದು. ನಗುವ ಮುನ್ನ ಒಂದು ಮಾತು. ಪರರಾಜ್ಯ ಸರಕಾರವೊಂದು ಕಾರಣ ಹೇಳದೆ ಮನೆಯವರನ್ನು ಎತ್ತಿಕೊಂಡು ಹೋದಾಗ, ಅಕ್ಷರ ಬಾರದ ಗಿರಣಿ ಕಾಮಗಾರನು ಅದಕ್ಕೊಂದು ಕಾರಣವನ್ನು ತಾನೇ ಕಲ್ಪಿಸಿಕೊಂಡ. ಆ ಕಾರಣ ಹುಸಿಯಾದರೂ ಅದರ ಹಿಂದಿನ ಅಪನಂಬಿಕೆ ಹುಸಿಯಲ್ಲ.

ಪತ್ರಿಕೆಗಳ ಪಾತ್ರವೇನು? ಆಂಗ್ಲರ ಪತ್ರಿಕೆಗಳು ಬಹುಮಟ್ಟಿಗೆ ಕಠಿಣ ಕ್ರಮಗಳನ್ನು ಬೆಂಬಲಿಸಿ, ಜನರ ಅಜ್ಞಾನವನ್ನು ಹಳಿದುವು. ದೇಶೀ ಪತ್ರಿಕೆಗಳು ಜನರ ಗೋಳನ್ನು ಬರೆದುವು. ಗುಲ್ಲುಗಳನ್ನು ಖಂಡಿಸಲೆಂದೇ ಅಚ್ಚು ಹಾಕಿದುದೂ ಉಂಟು. ಆದರೆ ಆ ಕಾಲದಲ್ಲಿ ಪತ್ರಿಕೆಯನ್ನು ಒಬ್ಬ ಓದಿ ಹತ್ತು ಮಂದಿ ಕೇಳುತ್ತಿದ್ದರು. ಅಂಗಡಿಯ ಕಟ್ಟೆಯ ಮೇಲೆ ಒಬ್ಬನು ಓದಿದ ಖಂಡನೆ ಮೂರನೆಯ ಬೀದಿಗೆ ಹೋಗುವಷ್ಟರಲ್ಲಿ 'ಪೇಪರಿನಲ್ಲಿಯೇ ಬಂದಿದೆಯಂತೆ' ಎಂದಾಗುತ್ತಿತ್ತು. ಅಚ್ಚಾದ ಅಕ್ಷರದ ಗೌರವ ಗುಲ್ಲಿಗೆ ಸಲ್ಲುತ್ತಿತ್ತು, ಖಂಡನೆಗಲ್ಲ. ಈಗಿನ ವಾಟ್ಸ್ಯಾಪಿನಲ್ಲಿಯೂ ಇದೇ ಚಮತ್ಕಾರ ನಡೆಯುವುದನ್ನು ವಾಚಕರು ಬಲ್ಲರು.

ಆಸ್ಪತ್ರೆಯ ಮೇಲಿನ ದಾಳಿಯ ತರುವಾಯ ಸ್ನೋ ಸಾಹೇಬರು ಕೆಲಮಟ್ಟಿಗೆ ಹಿಂದೆ ಸರಿದರು. ಬೀದಿ ಗುಡಿಸುವವರೂ ಮಲ ಹೊರುವವರೂ ಹೆದರಿ ಊರು ಬಿಟ್ಟರೆ ನಗರವೇ ನರಕವಾದೀತೆಂಬುದು ಅವರ ದೊಡ್ಡ ಅಂಜಿಕೆ. ಮುಂಬಯಿ ಯಾರ ದುಡಿಮೆಯ ಮೇಲೆ ನಿಂತಿದೆಯೆಂದು ಒಬ್ಬ ಅಧಿಕಾರಿಗೆ ತಿಳಿಯಬೇಕಾದರೆ ಮಹಾಮಾರಿಯೇ ಬರಬೇಕಾಯಿತು! ಆದರೆ ಓಟ ನಿಲ್ಲಲಿಲ್ಲ. 1891ರ ಖಾನೇಸುಮಾರಿಯ ಪ್ರಕಾರ ಮುಂಬಯಿಯ ಜನಸಂಖ್ಯೆ 8 ಲಕ್ಷ 21 ಸಾವಿರ. 1897ರ ಫೆಬ್ರುವರಿಯ ಹೊತ್ತಿಗೆ ಅವರಲ್ಲಿ ಸುಮಾರು 3 ಲಕ್ಷ 80 ಸಾವಿರ ಜನ ಊರು ಬಿಟ್ಟಿದ್ದರೆಂದು ಅಂದಾಜು. ಕೊಂಕಣಕ್ಕೆ ಹಡಗಿನಲ್ಲಿ, ಘಟ್ಟದ ಮೇಲಕ್ಕೆ ರೈಲಿನಲ್ಲಿ, ಗಂಟುಮೂಟೆಯ ಜತೆಗೆ ಗುಲ್ಲನ್ನೂ ರೋಗವನ್ನೂ ಕಟ್ಟಿಕೊಂಡು ಅವರು ಹೊರಟರು.

ಸರಕಾರವು 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. 2020ರಲ್ಲಿ ನಮ್ಮ ರಾಜ್ಯ ಸರಕಾರಗಳು ಕೈಗೆತ್ತಿಕೊಂಡದ್ದು ಇದೇ 123 ವರ್ಷ ಹಳೆಯ ಕಾಯಿದೆಯನ್ನು. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿ ಗೋರಾ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿ ಶೋಧ ನಡೆಸಿದ. ದೇವರ ಮನೆ, ಅಡಿಗೆಯ ಮನೆ ಎಂಬ ಭೇದವಿಲ್ಲದೆ ಬೂಟುಗಾಲು ತುಳಿದುವು. ಹೆಂಗಸರ ಮೈ ಪರೀಕ್ಷೆ ಬೀದಿಯಲ್ಲಿ ನಡೆಯಿತೆಂಬ ದೂರುಗಳೆದ್ದುವು. ಲೋಕಮಾನ್ಯ ತಿಲಕರ 'ಕೇಸರಿ' ಇದನ್ನೆಲ್ಲ ಉಗ್ರವಾಗಿ ಖಂಡಿಸಿತು. ಆದರೆ ಅದೇ ತಿಲಕರು ಊರು ಬಿಟ್ಟು ಓಡದೆ ನಿಂತು, ರೋಗಿಗಳನ್ನು ಬೇರೆ ಇಡಬೇಕೆಂದು ಜನರಿಗೆ ತಿಳಿಯಹೇಳಿ, ಹಿಂದುಗಳಿಗಾಗಿ ಒಂದು ಆಸ್ಪತ್ರೆಯನ್ನು ನಡೆಸಿದರೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. 1897ರ ಜೂನ್ 22ರ ರಾತ್ರಿ ರ‍್ಯಾಂಡನಿಗೂ ಲೆಫ್ಟಿನೆಂಟ್ ಏಯರ್ಸ್ಟನಿಗೂ ಗುಂಡು ಬಿತ್ತು. ಕೊಂದವರು ಚಾಪೇಕರ ಸಹೋದರರು. ಆದರೆ ಕೊಲೆಗೆ ಕುಮ್ಮಕ್ಕು ಕೊಟ್ಟುದು ಪತ್ರಿಕೆಯೇ ಎಂದು ಆಂಗ್ಲ ಪತ್ರಿಕೆಗಳು ಕೂಗಿದುವು. ರಾಜದ್ರೋಹದ ಆಪಾದನೆಯ ಮೇಲೆ ತಿಲಕರಿಗೆ ಸೆಪ್ಟೆಂಬರಿನಲ್ಲಿ 18 ತಿಂಗಳ ಸಜೆಯಾಯಿತು.

ಈ ಗದ್ದಲದ ನಡುವೆ ನಡೆದ ಇನ್ನೊಂದು ಪ್ರಸಂಗ ನಮಗೆ ಹೆಚ್ಚು ಬೋಧಪ್ರದವಾಗಿ ಕಾಣುತ್ತದೆ. ಗೋಪಾಲಕೃಷ್ಣ ಗೋಖಲೆಯವರು ಆಗ ವೆಲ್ಬಿ ಕಮಿಶನ್ನಿನ ಮುಂದೆ ಸಾಕ್ಷಿ ಹೇಳಲು ಲಂಡನ್ನಿಗೆ ಹೋಗಿದ್ದರು. ವಯಸ್ಸು 31. ಪುಣೆಯ ಮಿತ್ರರಿಂದ ಅವರಿಗೆ ಪತ್ರಗಳು ಬಂದುವು: ಸಿಪಾಯಿಗಳು ಇಬ್ಬರು ಹೆಂಗಸರ ಮಾನಭಂಗ ಮಾಡಿದರು, ಒಬ್ಬಳು ಆತ್ಮಹತ್ಯೆ ಮಾಡಿಕೊಂಡಳು ಎಂದು. ಬರೆದವರು ನಂಬಿಕಸ್ಥರು. ಗೋಖಲೆಯವರು ಇದನ್ನು 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಯ ಮೂಲಕ ಪ್ರಕಟಿಸಿದರು. ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಮುಂಬಯಿ ಸರಕಾರ ಇದನ್ನು ಅಲ್ಲಗಳೆಯಿತು. ಗೋಖಲೆ ಮುಂಬಯಿಗೆ ಬಂದಿಳಿದು ವಿಚಾರಿಸಿದರೆ, ಮುಂದೆ ಬಂದು ಸಾಕ್ಷಿ ನುಡಿಯುವವರು ಒಬ್ಬರೂ ಇಲ್ಲ! ಹೆಸರು ಹೇಳಿ ಮಿತ್ರರನ್ನು ಸಿಕ್ಕಿಸಬೇಕೆ, ರುಜುವಾತಿಲ್ಲದ ಮಾತನ್ನು ಹಿಡಿದು ನಿಲ್ಲಬೇಕೆ? ಅವರು ಎರಡನ್ನೂ ಮಾಡಲಿಲ್ಲ. ಆಗಸ್ಟ್ 1897ರಲ್ಲಿ ಗವರ್ನರರಲ್ಲಿಯೂ ಸಿಪಾಯಿಗಳಲ್ಲಿಯೂ ಬಹಿರಂಗ ಕ್ಷಮೆ ಕೇಳಿ ಪತ್ರಿಕೆಗಳಲ್ಲಿ ಪ್ರಕಟಿಸಿದರು.

ಸ್ವಂತ ಪಕ್ಷದವರೇ ಅವರನ್ನು ಹೇಡಿಯೆಂದು ಹಳಿದರು. ಎಷ್ಟೋ ವರ್ಷ ಆ ಕಳಂಕ ಅವರನ್ನು ಬಿಡಲಿಲ್ಲ. ಪುಣೆಯಲ್ಲಿ ಅತ್ಯಾಚಾರ ನಡೆಯಲೇ ಇಲ್ಲವೆಂದು ನಾವು ಹೇಳುವುದಿಲ್ಲ. ಮಾನಕ್ಕೆ ಅಂಜಿ ಮನೆಯವರು ಬಾಯಿ ಮುಚ್ಚಿಕೊಂಡಿದ್ದರೂ ಇದ್ದಾರು. ಆದರೆ ಕೈಯಲ್ಲಿ ಸಾಕ್ಷಿಯಿಲ್ಲದ ಸುದ್ದಿಯನ್ನು ಅಚ್ಚು ಮಾಡಿಸಿ, ಅದು ನಿಲ್ಲದೆಂದು ತಿಳಿದಾಗ ಅಷ್ಟೇ ದೊಡ್ಡ ದನಿಯಲ್ಲಿ ಹಿಂದಕ್ಕೆ ತೆಗೆದುಕೊಂಡವರು ಆ ಕಾಲದಲ್ಲಿ ಇನ್ನು ಯಾರಿದ್ದರು? 'ಗಾಬರಿ ಬೇಡ' ಎಂದಿದ್ದ ಅಧಿಕಾರಿಗಳು ಕ್ಷಮೆ ಕೇಳಿದರೇ? ರಾತ್ರಿಯ ಹೊತ್ತು ಟಿ.ವಿ.ಯಲ್ಲಿ ಅರಚಿ ಬೆಳಗಾಗುವಷ್ಟರಲ್ಲಿ ಮರೆಯುವ ಈಗಿನ ಮಹನೀಯರಂತೂ ದೂರ ಉಳಿಯಲಿ.

ಇನ್ನು ನಮ್ಮ ಕಡೆಗೆ ಬರೋಣ. ಘಟ್ಟದ ಮೇಲಕ್ಕೆ ರೈಲಿನಲ್ಲಿ ಬಂದ ಪ್ಲೇಗು ಹುಬ್ಬಳ್ಳಿ ಧಾರವಾಡಗಳನ್ನು ಹಿಡಿಯಿತು. ಮುಂಬಯಿ ಇಲಾಖೆಗೆ ಸೇರಿದ್ದ ಆ ಜಿಲ್ಲೆಗಳಲ್ಲಿ ಆಗ ಮರಾಠಿ ಪತ್ರಿಕೆಗಳಿಗೂ ಓದುಗರು ವಿಪುಲವಾಗಿದ್ದರು. ಆದ್ದರಿಂದ ಪುಣೆಯ ಶೋಧದ ಕಥೆಗಳು ಪ್ಲೇಗಿಗಿಂತ ಮೊದಲೇ ಅಲ್ಲಿಗೆ ತಲುಪಿದ್ದುವು. 1898ರ ಆಗಸ್ಟಿನಲ್ಲಿ ರೋಗವು ಹುಬ್ಬಳ್ಳಿಯ ಕಡೆಯಿಂದ ರೈಲು ಮಾರ್ಗವಾಗಿಯೇ ಬೆಂಗಳೂರನ್ನು ಮುಟ್ಟಿತು. ಅಲ್ಲಿ ಪ್ಲೇಗು ನಿವಾರಣೆಯ ಕೆಲಸಕ್ಕಾಗಿ ಟೆಲಿಫೋನು ತಂತಿಗಳನ್ನು ಎಳೆದರು. ಅಧಿಕಾರಿಗಳ ನಡುವೆ ಸುದ್ದಿ ಓಡಾಡಲು ತಂತಿ ಬಂದಿತು. ಜನರ ನಡುವೆ ಮಾತ್ರ ಹಳೆಯ ದಾರಿಯೇ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅದೇ ವರ್ಷ ಪ್ಲೇಗಿನ ಕ್ರಮಗಳ ವಿರುದ್ಧ ದೊಡ್ಡ ದಂಗೆಯೇ ಆಯಿತು. ಬೆಂಗಳೂರಿನ ಜನ ಪ್ಲೇಗಮ್ಮನ ಗುಡಿ ಕಟ್ಟಿ ಆರತಿ ಎತ್ತಿದರು.

ಹುಬ್ಬಳ್ಳಿಯ ಕಥೆ ಬೇರೆ, ನಾವು ಹೆಮ್ಮೆಪಡಬಹುದಾದದ್ದು. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದ. ಚುಚ್ಚುಮದ್ದಿನ ಬಗೆಗೆ ಗುಲ್ಲುಗಳೇನು ಕಡಿಮೆಯೆ? ಧರ್ಮ ಕೆಡಿಸುತ್ತಾರೆ, ಗಂಡಸುತನ ಹೋಗುತ್ತದೆ, ಚುಚ್ಚಿದೊಡನೆ ಸಾಯುತ್ತಾರೆ ಎಂದೆಲ್ಲ. ಅಂಥದರಲ್ಲಿ 1898ರ ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್ನರ ಮೇಲ್ವಿಚಾರಣೆಯಲ್ಲಿ ಊರಿನ ಬಹುಪಾಲು ಜನ ಲಸಿಕೆ ಹಾಕಿಸಿಕೊಂಡರು. ಇಡೀ ಊರು ಹೀಗೆ ಲಸಿಕೆ ಪಡೆದುದು ಅಂದಿನ ವೈದ್ಯರ ಲೋಕದಲ್ಲಿ ಬಹುಕಾಲ ಉದಾಹರಿಸುವ ಮಾತಾಯಿತು. ಜನ ಹೇಗೆ ಒಪ್ಪಿದರು? ಪುಸ್ತಿಕೆ ಓದಿ ಅಲ್ಲವೆಂದು ನಮ್ಮ ಊಹೆ. ಚುಚ್ಚಿಸಿಕೊಂಡ ನೆರೆಯವನು ಮೂರು ದಿನ ಜ್ವರದಿಂದ ನರಳಿ ನಾಲ್ಕನೆಯ ದಿನ ಅಂಗಡಿಯ ಬಾಗಿಲು ತೆಗೆದುದನ್ನು ಅವರು ಕಂಡರು. ಚುಚ್ಚಿಸಿಕೊಳ್ಳದ ಮನೆಯಿಂದ ಹೆಣ ಹೊರಟದ್ದನ್ನೂ ಕಂಡರು. ಸಣ್ಣ ಊರಿನಲ್ಲಿ ಲೆಕ್ಕ ಪ್ರತಿಯೊಬ್ಬನ ಕಣ್ಣೆದುರು ಇರುತ್ತದೆ.

ಹಳ್ಳಿಗಳಲ್ಲಿ ಇದಕ್ಕಿಂತ ಸರಳವಾದ ವರ್ತಮಾನಪತ್ರವೊಂದಿತ್ತು. ಜಂತಿಯಿಂದ ಇಲಿ ಬೀಳುವುದು. ನಮ್ಮ ಹಿರಿಯರ ಬಾಯಲ್ಲಿ 'ಇಲಿ ಬಿತ್ತು' ಎಂಬ ಎರಡು ಶಬ್ದಕ್ಕೆ ಒಂದೇ ಅರ್ಥ: ಊರು ಬಿಡು. ಹೊಲದಲ್ಲಿ ಗುಡಿಸಲು ಹಾಕಿ, ದನಕರು ಕಾಳುಕಡಿ ಸಾಗಿಸಿ, ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತಿದ್ದರು. ಭೈರಪ್ಪನವರ 'ಗೃಹಭಂಗ' ಓದಿದವರಿಗೆ ಆ ದಿನಗಳ ಚಿತ್ರ ಹೊಸದಲ್ಲ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಬರುತ್ತದೆಂದು ವಿಜ್ಞಾನಿಗಳು ತಮ್ಮಲ್ಲಿ ವಾದ ಮುಗಿಸಿ ಒಪ್ಪುವ ಮೊದಲೇ ನಮ್ಮ ಹಳ್ಳಿಗರು ಇಲಿಯನ್ನು ನಂಬಿದ್ದರು. ಅವರಿಗೂ ಭಯವಿತ್ತು, ಬೇಕಾದಷ್ಟಿತ್ತು. ಆದರೆ ಆ ಸುದ್ದಿಯಲ್ಲಿ ಹೆದರಿಕೆಯ ಜತೆಗೆ ಮಾಡಬೇಕಾದ ಕೆಲಸವೂ ಸೇರಿತ್ತು. ಮುಂಬಯಿಯ ಪ್ರಕಟನೆಗಳಲ್ಲಿ ಇಲ್ಲದೆ ಹೋದದ್ದು ಅದೇ.

1918ರ ಇನ್‌ಫ್ಲುಯೆಂಜಾದ ಮಾತನ್ನು ಬೇಗ ಹೇಳಿ ಮುಗಿಸುತ್ತೇವೆ. ಮಹಾಯುದ್ಧದ ಕಾಲ, ಹೋರಾಡುತ್ತಿದ್ದ ದೇಶಗಳು ಪತ್ರಿಕೆಗಳ ಬಾಯಿ ಕಟ್ಟಿದ್ದುವು. ತಟಸ್ಥವಾಗಿದ್ದ ಸ್ಪೇನ್ ದೇಶದ ಪತ್ರಿಕೆಗಳು ಮಾತ್ರ ತಮ್ಮ ರಾಜನಿಗೂ ಜ್ವರ ಬಂದುದನ್ನು ಮುಚ್ಚಿಡದೆ ಬರೆದುವು. ನಿಜ ಹೇಳಿದ ತಪ್ಪಿಗೆ ರೋಗಕ್ಕೆ ಅವರ ಹೆಸರೇ ಅಂಟಿತು. ಮುಂಬಯಿಯಲ್ಲಿ ಅಕ್ಟೋಬರ್ 6ನೆಯ ತಾರೀಖು ಒಂದೇ ದಿನ 768 ಜನ ಸತ್ತರು. ಭಾರತದಲ್ಲಿ ಒಟ್ಟು ಒಂದು ಕೋಟಿಗೂ ಮಿಕ್ಕಿ. ಪ್ಲೇಗಿನ ಮೊದಲ ವರ್ಷಗಳಿಗಿಂತ ಎಷ್ಟೋ ಪಾಲು ದೊಡ್ಡ ಸಾವು ಅದು. ಆದರೆ ದಂಗೆಯಿಲ್ಲ, ಗುಲ್ಲಿನ ಕಥೆಗಳೂ ಅಷ್ಟಿಲ್ಲ. ಜನರ ಭಯವನ್ನು ಸಾವಿನ ಸಂಖ್ಯೆಯಿಂದ ಅಳೆಯಲಾಗದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನಮಗೆ ತಿಳಿಯದು.

ಇದರ ವಿರುದ್ಧ ನಿದರ್ಶನ 1994ರ ಸೂರತ್. ಸೆಪ್ಟೆಂಬರಿನಲ್ಲಿ ಅಲ್ಲಿ ಶ್ವಾಸಕೋಶದ ಪ್ಲೇಗು ಎಂಬ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. ಸತ್ತವರು ನೂರಾರು ಎಂದು ಪತ್ರಿಕೆಗಳು ಬರೆದುವು; ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು ಐವತ್ತರ ಆಸುಪಾಸು. ಟೆಟ್ರಾಸೈಕ್ಲಿನ್ ಮಾತ್ರೆ ಸೂರತ್ತಿನಲ್ಲಷ್ಟೇ ಅಲ್ಲ, ದೂರದ ನಗರಗಳ ಔಷಧದಂಗಡಿಗಳಲ್ಲಿಯೂ ಮಾಯವಾಯಿತು. ಖಾಸಗಿ ವೈದ್ಯರೇ ಅನೇಕರು ಬಾಗಿಲು ಹಾಕಿ ನಡೆದಿದ್ದರು. ಡಾಕ್ಟರರ ಬೀಗ ಹಾಕಿದ ಬಾಗಿಲಿಗಿಂತ ಭಯಂಕರವಾದ ಸುದ್ದಿ ಯಾವ ಪತ್ರಿಕೆಯಲ್ಲಿ ತಾನೇ ಬಂದೀತು?

2020ರ ಮಾತನ್ನು ಬರೆಯಲು ಕೈ ತಡೆಯುತ್ತದೆ. ಇದನ್ನು ಓದುವ ಮನೆಗಳಲ್ಲಿ ಕೆಲವು ಫೋಟೋಗಳಿಗೆ ಆ ವರ್ಷ, ಅದರ ಮರುವರ್ಷ ಹಾರ ಬಿದ್ದಿದೆ. ಮಾರ್ಚಿನಲ್ಲಿ ಕೋಳಿಯಿಂದ ಕೊರೋನಾ ಎಂಬ ಗುಲ್ಲು ಹಬ್ಬಿ, ಬೆಲೆ ನೆಲಕಚ್ಚಿ, ಗೋಕಾಕದ ಕಡೆಯ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಹೂಳಿದರು. ಏಪ್ರಿಲ್ 14ರಂದು ಬೀಗಮುದ್ರೆಯನ್ನು ಮೇ 3ರವರೆಗೆ ಮುಂದುವರಿಸಿದ ದಿನ, ಊರಿಗೆ ರೈಲು ಬಿಡುತ್ತಾರೆಂಬ ಸುದ್ದಿಯನ್ನು ನಂಬಿ ಸಾವಿರಾರು ಕೂಲಿಕಾರರು ಬಾಂದ್ರಾ ಸ್ಟೇಶನ್ನಿನ ಮುಂದೆ ನೆರೆದರು. ಸಿಕ್ಕಿದ್ದು ಲಾಠಿಯ ಏಟು. ಅವರು ಆ ಸುದ್ದಿಯನ್ನು ಏಕೆ ನಂಬಿದರೆಂದು ಕೇಳುವವರು 1896ರ ಗಿರಣಿ ಕಾಮಗಾರನನ್ನು ನೆನೆಯಬೇಕು. ಒಂದು ಖೋಲಿಯಲ್ಲಿ ಹತ್ತು ಜನ, ಕೆಲಸವಿಲ್ಲ, ರೇಶನ್ನಿಲ್ಲ. 'ಇದ್ದಲ್ಲಿಯೇ ಇರಿ' ಎಂಬುದು ಅವರಿಗೆ ಸಲಹೆಯಾಗಿ ಕೇಳಿಸಲಿಲ್ಲ.

ನಮ್ಮನ್ನು ಹೆಚ್ಚು ನೋಯಿಸಿದ್ದು ಮೇ ತಿಂಗಳು. ಮುಂಬಯಿಯಿಂದ ಮಂಡ್ಯ, ಹಾಸನ, ಉಡುಪಿ, ಕಲಬುರ್ಗಿಗಳಿಗೆ ಮರಳಿದವರಲ್ಲಿ ರೋಗ ಕಂಡುಬಂದಿತು. ಅದು ನಿಜ, ಮುಚ್ಚಿಡತಕ್ಕದ್ದೂ ಅಲ್ಲ. ಆದರೆ ಸಂಜೆಯ ಬುಲೆಟಿನ್ನಿನ ಅಂಕೆಗಳು ಟಿ.ವಿ.ಯ ಪರದೆಗೆ ಬರುವಷ್ಟರಲ್ಲಿ 'ಮುಂಬಯಿ ನಂಟು' ಎಂಬ ಕೆಂಪಕ್ಷರದ ತಲೆಬರಹವಾಯಿತು. ನಂಟು ಎಂಬ ನಮ್ಮ ಇಂಪಾದ ಶಬ್ದ ಬಯ್ಗುಳದಂತೆ ಕೇಳಿಸಿದ್ದು ಅದೇ ಮೊದಲು. ಊರ ದಾರಿಗೆ ಮುಳ್ಳು ಹಾಕಿದರು. ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಗಡಿ ಮುಚ್ಚಿತು. ತಿಂಗಳು ತಿಂಗಳು ನಾವು ಕಳಿಸಿದ ಹಣದಿಂದ ಹೆಂಚು ಹೊದಿಸಿದ ಮನೆಗಳಲ್ಲಿಯೇ 'ಈಗ ಬರಬೇಡ ಮಗಾ, ಊರವರು ಏನಾದರೂ ಅಂದಾರು' ಎಂದು ಫೋನಿನಲ್ಲಿ ಅಳುವ ದನಿ ಕೇಳಿದವರು ನಮ್ಮಲ್ಲಿ ಕಡಿಮೆಯಿಲ್ಲ. ಊರವರನ್ನು ನಾವು ದೂರುವುದಿಲ್ಲ. 1897ರಲ್ಲಿ ಮುಂಬಯಿಯಿಂದ ಬಂದ ರೈಲನ್ನು ಕಂಡು ಧಾರವಾಡದವರು ಹೆದರಿದ್ದೂ ಹೀಗೆಯೇ. ಆಗ ರೋಗವೂ ಅದೇ ರೈಲಿನಲ್ಲಿ ಇಳಿದಿತ್ತು.

ಜೂನಿನಲ್ಲಿ ಗಡಿ ತೆರೆಯಿತು. ಬಂದವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಏಳು ದಿನ ಇರಿಸಿ ಆಮೇಲೆ ಮನೆಗೆ ಬಿಟ್ಟರು. ಮನೆಗೆ ಬಿಟ್ಟ ಮೇಲೆ ದಿನವೂ ಬಾಗಿಲಿಗೆ ಬಂದು ಜ್ವರ ನೋಡಿ ಹೋಗುತ್ತಿದ್ದವಳು ಅದೇ ಊರಿನ ಆಶಾ ಕಾರ್ಯಕರ್ತೆ. ಸೊಸೆಯಾಗಿ ಬಂದವಳೋ, ಯಾರದೋ ಅಕ್ಕನ ಮಗಳೋ. ಟಿ.ವಿ. ತನ್ನ ಪಾಡಿಗೆ ತಾನು ಕೂಗುತ್ತಿತ್ತು. ಎಷ್ಟೋ ಹಳ್ಳಿಗಳಲ್ಲಿ ಮುಳ್ಳು ಸರಿದದ್ದು, ನಲ್ಲಿಯ ಕಟ್ಟೆಯಲ್ಲಿ ಆಕೆ 'ಅವರಿಗೇನೂ ಇಲ್ಲ, ನಾನೇ ದಿನಾ ನೋಡ್ತಿದೀನಲ್ಲ' ಎಂದ ಮೇಲೆ.